ಆಸ್ಪತ್ರೆಯ ದಾರಿ, ಆಸ್ಪತ್ರೆಯ ವಾಸ: ಕರ್ನಾಟಕದ ರೋಗಿಗಳ ಅನುಭವ

ಆಸ್ಪತ್ರೆಯೆಂದರೆ ವೈದ್ಯರು, ಔಷಧ, ಶಸ್ತ್ರಚಿಕಿತ್ಸೆ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಆಸ್ಪತ್ರೆಯಲ್ಲಿ ಕೆಲವು ದಿನ ಕಳೆದು ಮರಳಿ ಬಂದವರನ್ನು ಮಾತನಾಡಿಸಿದರೆ ಅವರ ನೆನಪಿನಲ್ಲಿ ಉಳಿದಿರುವ ಸಂಗತಿಗಳೇ ಬೇರೆ. ನಡುರಾತ್ರಿ ವಾಹನ ಸಿಗದೆ ಪರದಾಡಿದ ಅರ್ಧ ಗಂಟೆ, ‘ಇಲ್ಲಿ ಆಗುವುದಿಲ್ಲ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ’ ಎಂದು ಕೇಳಬೇಕಾಗಿ ಬಂದ ಮಾತು, ಚೀಟಿ ಮಾಡಿಸುವ ಕೌಂಟರಿನ ಮುಂದಿನ ಸರದಿ, ವಾರ್ಡಿನ ಹೊರಗಿನ ಮೊಗಸಾಲೆಯಲ್ಲಿ ಚಾಪೆ ಹಾಸಿ ಕಳೆದ ರಾತ್ರಿಗಳು - ಇವೇ ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಚಿಕಿತ್ಸೆಯ ಫಲಿತಾಂಶವನ್ನು ಎಷ್ಟೋ ಸಂದರ್ಭಗಳಲ್ಲಿ ನಿರ್ಧರಿಸುವುದೂ ಈ ಸಂಗತಿಗಳೇ.

ಮನೆಯ ಹೊಸ್ತಿಲು ದಾಟಿದ ಕ್ಷಣದಿಂದ ಬಿಡುಗಡೆಯ ಚೀಟಿ ಕೈಗೆ ಬರುವವರೆಗೆ ರೋಗಿ ಮತ್ತು ಆತನ ಕಡೆಯವರು ಹಾದುಹೋಗುವ ಹಂತಗಳನ್ನು, ಆ ಹಂತಗಳಲ್ಲಿ ನೆರವಿಗೆ ಬರುವ ಕಾನೂನು ಮತ್ತು ಯೋಜನೆಗಳನ್ನು ಈ ಲೇಖನದಲ್ಲಿ ಕ್ರಮವಾಗಿ ನೀಡಲಾಗಿದೆ.

ಮೂರು ವಿಳಂಬಗಳು

ಹೆರಿಗೆಯ ಸಂದರ್ಭದಲ್ಲಿ ತಾಯಂದಿರು ಏಕೆ ಸಾಯುತ್ತಾರೆ ಎಂಬುದನ್ನು ಪರಿಶೀಲಿಸಿದ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕಿಯರು 1994ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ‘ಮೂರು ವಿಳಂಬ’ಗಳ ಮಾದರಿಯನ್ನು ಮುಂದಿಟ್ಟರು. ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವಲ್ಲಿ ಆಗುವ ತಡ ಮೊದಲನೆಯದು. ಆಸ್ಪತ್ರೆಯನ್ನು ತಲುಪುವಲ್ಲಿ ಆಗುವ ತಡ ಎರಡನೆಯದು. ತಲುಪಿದ ಮೇಲೆ ತಕ್ಕ ಚಿಕಿತ್ಸೆ ದೊರೆಯುವಲ್ಲಿ ಆಗುವ ತಡ ಮೂರನೆಯದು. ಹೆರಿಗೆಗೆಂದು ರೂಪಿಸಿದ ಈ ಮಾದರಿ ಹೃದಯಾಘಾತ, ಪಾರ್ಶ್ವವಾಯು, ಹಾವು ಕಡಿತ, ರಸ್ತೆ ಅಪಘಾತಗಳಿಗೂ ಅಷ್ಟೇ ಅನ್ವಯಿಸುತ್ತದೆ. ನಮ್ಮ ರಾಜ್ಯದ ಅನುಭವವನ್ನು ಅರ್ಥ ಮಾಡಿಕೊಳ್ಳುವುದಕ್ಕೂ ಇದು ಅನುಕೂಲವಾದ ಚೌಕಟ್ಟು.

ಮೊದಲ ತೀರ್ಮಾನ

ಕಾಯಿಲೆ ಬಂದವರು ತಾವಾಗಿಯೇ ಆಸ್ಪತ್ರೆಗೆ ಹೊರಡುವುದು ಅಪರೂಪ. ಎದೆನೋವು ಬಂದರೆ ‘ಗ್ಯಾಸ್ಟ್ರಿಕ್ ಇರಬಹುದು’ ಎಂದು ಸೋಡಾ ಕುಡಿದು ಬೆಳಗಿನವರೆಗೆ ಕಾಯುವುದು ನಗರಗಳಲ್ಲೂ ಸಾಮಾನ್ಯ. ಕೈಕಾಲಿನ ಸ್ವಾಧೀನ ತಪ್ಪಿ ಬಾಯಿ ಓರೆಯಾದರೆ ಎಣ್ಣೆ ತಿಕ್ಕಿಸಲು ಹೋಗುವವರಿದ್ದಾರೆ. ಹಾವು ಕಚ್ಚಿದರೆ ಮೊದಲು ನೆನಪಾಗುವುದು ಊರಿನ ಮಂತ್ರ ಹಾಕುವವರು. ಮನೆಯ ಹೆಣ್ಣುಮಕ್ಕಳು ತಮ್ಮ ನೋವನ್ನು ಮುಚ್ಚಿಟ್ಟುಕೊಳ್ಳುವುದು, ಹಿರಿಯರು ‘ನನಗಾಗಿ ಇಷ್ಟು ಖರ್ಚು ಏಕೆ’ ಎಂದು ಸುಮ್ಮನಿರುವುದು ಇನ್ನೊಂದು ಬಗೆಯ ತಡ. ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕಲಾಗದು. ಆಸ್ಪತ್ರೆಗೆ ಹೋದರೆ ಎಷ್ಟು ಹಣ ಬೇಕಾದೀತು, ಯಾರು ಜೊತೆಗೆ ಬಂದಾರು, ದನಕರುಗಳನ್ನು ಯಾರು ನೋಡಿಕೊಂಡಾರು, ದಿನಗೂಲಿ ಎಷ್ಟು ದಿನ ತಪ್ಪೀತು ಎಂಬ ಲೆಕ್ಕಾಚಾರ ಆ ಮೌನದ ಹಿಂದೆ ಇರುತ್ತದೆ.

ವೈದ್ಯಶಾಸ್ತ್ರ ಮಾತ್ರ ಇಲ್ಲಿ ಗಡಿಯಾರವನ್ನು ನೋಡುತ್ತದೆ. ಮಿದುಳಿನ ರಕ್ತನಾಳ ಕಟ್ಟಿಕೊಂಡು ಉಂಟಾದ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕಾಗುತ್ತದೆ. ಹೃದಯಾಘಾತದಲ್ಲಿ ಕಳೆದ ಪ್ರತಿ ನಿಮಿಷವೂ ಹೃದಯದ ಸ್ನಾಯುವಿಗೆ ಹಾನಿ. ಹಾವು ಕಡಿತಕ್ಕೆ ಪ್ರತಿವಿಷವೊಂದೇ ಸರಿಯಾದ ಮದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ - ಈ ನಾಲ್ಕು ಹಾವುಗಳ ವಿಷಕ್ಕೆ ಎದುರಾಗಿ ಕೆಲಸ ಮಾಡುವ ಚುಚ್ಚುಮದ್ದು ನಮ್ಮ ದೇಶದಲ್ಲಿ ತಯಾರಾಗುತ್ತದೆ. ಕಚ್ಚಿದ ಜಾಗವನ್ನು ಕೊಯ್ಯುವುದು, ಬಾಯಿಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಇವು ಹಾನಿಯನ್ನೇ ಹೆಚ್ಚಿಸುತ್ತವೆ. ಕೈಕಾಲನ್ನು ಅಲುಗಿಸದೆ ಆಸ್ಪತ್ರೆಗೆ ಸಾಗಿಸುವುದೇ ಪ್ರಥಮ ಚಿಕಿತ್ಸೆ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಯಾವ ತಾಲ್ಲೂಕಿನಲ್ಲಿ ಎಷ್ಟು ಮಂದಿಗೆ ಹಾವು ಕಚ್ಚುತ್ತದೆ, ಎಲ್ಲಿ ಎಷ್ಟು ಪ್ರತಿವಿಷ ಇರಿಸಬೇಕು ಎಂಬುದು ತಿಳಿಯಬೇಕಾದರೆ ಇಂತಹ ಲೆಕ್ಕ ಅಗತ್ಯ.

ಹೃದಯಾಘಾತದ ವಿಷಯದಲ್ಲಿ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಉಲ್ಲೇಖಾರ್ಹ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರ ಅಕಾಲಿಕ ನಿಧನದ ಬಳಿಕ ಎದೆನೋವಿನ ಬಗ್ಗೆ ಜನರಲ್ಲಿ ಮೂಡಿದ ಎಚ್ಚರವೇ ಈ ಹೆಸರಿನ ಹಿನ್ನೆಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುವುದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಿ, ಅನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಇದರ ಕ್ರಮ. ಅಂದರೆ ರೋಗಿಯ ದಾರಿ ಉದ್ದವಾಗಿದ್ದರೂ ಚಿಕಿತ್ಸೆಯ ಆರಂಭ ಹತ್ತಿರವಾಗುತ್ತದೆ.

ಜೋಲಿಯಿಂದ 108ರವರೆಗೆ

ಮಲೆನಾಡು ಮತ್ತು ಪಶ್ಚಿಮ ಘಟ್ಟದ ಅಂಚಿನ ಹಳ್ಳಿಗಳಲ್ಲಿ ರೋಗಿಯನ್ನು ಹೊತ್ತು ಸಾಗುವುದು ಹಳೆಯ ಕಾಲದ ಕಥೆಯಲ್ಲ. ಕಂಬಳಿಯನ್ನು ಬಿದಿರ ಗಳುವಿಗೆ ಕಟ್ಟಿ ಮಾಡಿದ ಜೋಲಿಯಲ್ಲಿ, ಇಲ್ಲವೇ ಪ್ಲಾಸ್ಟಿಕ್ ಕುರ್ಚಿಗೆ ಕೋಲು ಬಿಗಿದು, ನಾಲ್ಕು ಜನ ಹೆಗಲು ಬದಲಿಸುತ್ತಾ ಡಾಂಬರು ರಸ್ತೆಯವರೆಗೆ ನಡೆಯುವ ದೃಶ್ಯಗಳು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನೊಳಗಿನ ಊರುಗಳಿಂದ, ಉತ್ತರ ಕನ್ನಡದ ಘಟ್ಟದ ಹಳ್ಳಿಗಳಿಂದ ಮಳೆಗಾಲಗಳಲ್ಲಿ ಈಚಿನವರೆಗೂ ವರದಿಯಾಗಿವೆ. ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕ ಕೊಚ್ಚಿಹೋದರೆ ಆಸ್ಪತ್ರೆಯ ದಾರಿಯೇ ಇಲ್ಲವಾಗುತ್ತದೆ.

ಈ ಹಿನ್ನೆಲೆಯಲ್ಲಿ ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಅವರ ಕೆಲಸ ವಿಶೇಷವಾದುದು. 1989ರಲ್ಲಿ ಪಯಸ್ವಿನಿ ನದಿಗೆ ಅರಂಬೂರಿನಲ್ಲಿ ತೂಗುಸೇತುವೆ ಕಟ್ಟಿದ ಅವರು ಮುಂದೆ ನೂರಕ್ಕೂ ಹೆಚ್ಚು ಸೇತುವೆಗಳನ್ನು ನಿರ್ಮಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಶಾಲೆಗೆ ಹೋಗುವ ಮಕ್ಕಳಿಗೆ ಎಷ್ಟೋ ಅಷ್ಟೇ, ಹೆರಿಗೆ ನೋವಿನಲ್ಲಿರುವ ಹೆಣ್ಣುಮಗಳಿಗೂ ಇಂತಹ ಸೇತುವೆಯಿಂದ ಉಪಕಾರವಾಗಿದೆ. ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸೇರದ ಆರೋಗ್ಯಸೇವೆ ಇದು ಎನ್ನಬಹುದು.

ರಸ್ತೆ ಇರುವ ಕಡೆ ವಾಹನದ ಪ್ರಶ್ನೆ. 2005ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಆರಂಭಗೊಂಡ 108 ತುರ್ತು ಸೇವೆ ಕರ್ನಾಟಕಕ್ಕೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಬಂದಿತು. ಅದಕ್ಕೂ ಮೊದಲು ಹಳ್ಳಿಯವರ ಪಾಲಿಗೆ ಆಂಬುಲೆನ್ಸ್ ಎಂದರೆ ಬಾಡಿಗೆ ಜೀಪು, ಟೆಂಪೊ, ಟ್ರ್ಯಾಕ್ಟರು, ಬೆಳಗಿನ ಮೊದಲ ಬಸ್ಸು. 108ಕ್ಕೆ ಮಾಡುವ ಕರೆಗೆ ಹಣ ತಗಲುವುದಿಲ್ಲ, ವಾಹನಕ್ಕೆ ಬಾಡಿಗೆಯೂ ಇಲ್ಲ. ವಾಹನದಲ್ಲಿ ಚಾಲಕನ ಜೊತೆ ತರಬೇತಿ ಪಡೆದ ತುರ್ತು ಚಿಕಿತ್ಸಾ ಸಿಬ್ಬಂದಿ ಇರುತ್ತಾರೆ. ದಾರಿಯಲ್ಲಿಯೇ ಹೆರಿಗೆ ಮಾಡಿಸಿ ತಾಯಿ-ಮಗುವನ್ನು ಸುರಕ್ಷಿತವಾಗಿ ತಲುಪಿಸಿದ ನಿದರ್ಶನಗಳು ಬಹಳ. ಹಾಗೆಯೇ ಕರೆ ಮಾಡಿದರೂ ವಾಹನ ತಡವಾಗಿ ಬಂದಿತು, ಹತ್ತಿರದ ವಾಹನ ಬೇರೆಡೆಗೆ ಹೋಗಿತ್ತು, ಕೆಟ್ಟು ನಿಂತಿತ್ತು ಎಂಬ ದೂರುಗಳೂ ಇಲ್ಲದಿಲ್ಲ. ತುರ್ತು ಸಂದರ್ಭಗಳಿಗೆಂದು ದೇಶವ್ಯಾಪಿಯಾಗಿ ಜಾರಿಗೆ ಬಂದ 112 ಸಂಖ್ಯೆಯೂ ಇದೆ. ಬೆಂಗಳೂರಿನಂತಹ ನಗರದಲ್ಲಿ ದೂರಕ್ಕಿಂತ ವಾಹನದಟ್ಟಣೆಯೇ ದೊಡ್ಡ ಅಡ್ಡಿಯಾದುದರಿಂದ 2015ರಲ್ಲಿ ಬೈಕ್ ಆಂಬುಲೆನ್ಸ್‌ಗಳನ್ನೂ ರಸ್ತೆಗಿಳಿಸಲಾಯಿತು.

ಗರ್ಭಿಣಿಯರ ವಿಷಯದಲ್ಲಿ 2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಗೆ ಹೋಗುವ, ಅಲ್ಲಿಂದ ಮರಳುವ ವಾಹನ ವ್ಯವಸ್ಥೆಯನ್ನು ಹಕ್ಕಾಗಿ ಪರಿಗಣಿಸಿತು. ಬಾಣಂತಿ ಮತ್ತು ಮಗುವನ್ನು ಮನೆಗೆ ಬಿಟ್ಟು ಬರುವ ‘ನಗು-ಮಗು’ ವಾಹನಗಳು ಈ ಉದ್ದೇಶದವು. ತುರ್ತಲ್ಲದ, ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಬೇಕಾದ ಪ್ರಯಾಣಗಳಿಗೆ ಇಂದಿಗೂ ಬಸ್ಸೇ ಆಧಾರ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದ ಮೇಲೆ ರೋಗಿ ಹೆಣ್ಣಾಗಿದ್ದರೆ ಅಥವಾ ಜೊತೆಗೆ ಹೋಗುವವರು ಹೆಣ್ಣಾಗಿದ್ದರೆ ಆ ಮಟ್ಟಿಗೆ ಬಸ್ ಖರ್ಚು ಉಳಿಯುವಂತಾಯಿತು.

ಜಿಲ್ಲೆಯಾಚೆಯ ಆಸ್ಪತ್ರೆ, ಗಡಿಯಾಚೆಯ ಆಸ್ಪತ್ರೆ

ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರವಾದ ಉತ್ತರ ಕನ್ನಡ ಜಿಲ್ಲೆಯ ಅನುಭವವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾದ ಮೇಲೆಯೂ ತಲೆಗೆ ಪೆಟ್ಟು, ಹೃದಯ, ನರರೋಗದಂತಹ ಗಂಭೀರ ಪ್ರಕರಣಗಳಲ್ಲಿ ಜಿಲ್ಲೆಯ ಜನರು ತಮ್ಮ ಊರು ಎಲ್ಲಿದೆ ಎಂಬುದರ ಮೇಲೆ ದಿಕ್ಕನ್ನು ಆರಿಸಿಕೊಳ್ಳುತ್ತಾರೆ. ಕರಾವಳಿಯ ತೆಂಕಣದವರು ಮಣಿಪಾಲ, ಮಂಗಳೂರಿಗೆ. ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ಕಾರವಾರದ ಕಡೆಯವರು ಗೋವಾದ ಬಾಂಬೋಳಿಗೆ.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಉಡುಪಿ ಜಿಲ್ಲೆಯತ್ತ ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿಗೆ ಅಪ್ಪಳಿಸಿ ನಾಲ್ವರು ಮೃತಪಟ್ಟರು. ಜೀವ ಉಳಿಸಲು ಹೊರಟ ಪ್ರಯಾಣವೇ ಜೀವ ತೆಗೆದ ಆ ದೃಶ್ಯವನ್ನು ರಾಜ್ಯವೆಲ್ಲ ನೋಡಿತು. ಜಿಲ್ಲೆಯೊಳಗೇ ಸುಸಜ್ಜಿತ ಬಹುತಜ್ಞ ಆಸ್ಪತ್ರೆ ಬೇಕೆಂಬ ಹಳೆಯ ಬೇಡಿಕೆ ಆ ಬಳಿಕ ಜನಾಂದೋಲನದ ರೂಪ ಪಡೆಯಿತು; ಆಸ್ಪತ್ರೆಯಿಲ್ಲದಿದ್ದರೆ ಮತವಿಲ್ಲ ಎಂಬ ಮಾತೂ ಕೇಳಿಬಂದಿತು.

ಗಡಿ ಇನ್ನೊಂದು ರೀತಿಯಲ್ಲಿ ಅಡ್ಡವಾದುದು 2020ರಲ್ಲಿ. ಕನ್ನಡಿಗರೂ ನೆಲೆಸಿರುವ ಕೇರಳದ ಕಾಸರಗೋಡಿನ ಜನರಿಗೆ ಮಂಗಳೂರಿನ ಆಸ್ಪತ್ರೆಗಳೇ ಬಹುಕಾಲದಿಂದ ಹತ್ತಿರದ ಆಸರೆ. ಕೋವಿಡ್ ಹರಡುವಿಕೆಯನ್ನು ತಡೆಯಲು ಕರ್ನಾಟಕವು ಮಾರ್ಚ್ ಕೊನೆಯ ವಾರದಲ್ಲಿ ತಲಪಾಡಿಯ ಗಡಿಯನ್ನು ಮುಚ್ಚಿದಾಗ ನಿತ್ಯದ ರೋಗಿಗಳೂ ಅಲ್ಲಿ ತಡೆಯಲ್ಪಟ್ಟರು. ಚಿಕಿತ್ಸೆ ತಲುಪದೆ ಹಲವರು ಸಾವನ್ನಪ್ಪಿದರೆಂದು ವರದಿಯಾಯಿತು. ವಿಷಯ ಕೇರಳ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಏಪ್ರಿಲ್ ಮೊದಲ ವಾರದಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಡುವ ಕ್ರಮ ರೂಪುಗೊಂಡಿತು. ಅದೇ ವರ್ಷದ ಫೆಬ್ರವರಿಯಲ್ಲಿ, ಕೋವಿಡ್ ಬರುವ ಕೆಲವೇ ವಾರಗಳ ಮೊದಲು, ಹೃದಯದ ಚಿಕಿತ್ಸೆ ಬೇಕಿದ್ದ 40 ದಿನಗಳ ಹಸುಗೂಸೊಂದನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸುಮಾರು ನಾಲ್ಕೂವರೆ ಗಂಟೆಗಳಲ್ಲಿ ತಲುಪಿಸಲಾಗಿತ್ತು. ದಾರಿಯುದ್ದಕ್ಕೂ ಪೊಲೀಸರು ಮತ್ತು ಸಾರ್ವಜನಿಕರು ವಾಹನಗಳನ್ನು ಬದಿಗೆ ಸರಿಸಿ ನಿಂತಿದ್ದರು. ದಾರಿ ಬಿಡುವ, ದಾರಿ ಮುಚ್ಚುವ ಎರಡು ಅನುಭವಗಳೂ ಎರಡೇ ತಿಂಗಳ ಅಂತರದಲ್ಲಿ ಒಂದೇ ಊರಿಗೆ ಸಂಬಂಧಿಸಿ ನಡೆದವು.

‘ಮುಂದಕ್ಕೆ ಕರೆದೊಯ್ಯಿರಿ’

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ಕಳುಹಿಸುವ ಕ್ರಮ ತಾತ್ವಿಕವಾಗಿ ಸರಿಯಾದುದೇ. ಆದರೆ ರೋಗಿಯ ಕಡೆಯವರ ಕಣ್ಣಿಗೆ ಅದು ಕೈತೊಳೆದುಕೊಳ್ಳುವಂತೆ ಕಾಣುವುದುಂಟು. ಹಾಸಿಗೆ ಇಲ್ಲ, ತಜ್ಞರು ರಜೆಯಲ್ಲಿದ್ದಾರೆ, ವೆಂಟಿಲೇಟರ್ ಖಾಲಿಯಿಲ್ಲ ಎಂಬ ಉತ್ತರಗಳ ನಡುವೆ ಅಮೂಲ್ಯ ಗಂಟೆಗಳು ಸೋರಿಹೋಗುತ್ತವೆ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟ್‌ನ ಎರಡು ತೀರ್ಪುಗಳನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲಿ ನ್ಯಾಯಾಲಯವು, ಗಾಯಾಳುವಿನ ಪ್ರಾಣ ಉಳಿಸುವುದು ಸರ್ಕಾರಿ ಹಾಗೂ ಖಾಸಗಿ ವೈದ್ಯರೆಲ್ಲರ ಮೊದಲ ಕರ್ತವ್ಯ, ಪೊಲೀಸ್ ವಿಧಿವಿಧಾನಗಳಿಗಾಗಿ ಚಿಕಿತ್ಸೆಯನ್ನು ತಡೆಹಿಡಿಯಬಾರದು ಎಂದಿತು. ಎರಡನೆಯದು 1996ರ ಪಶ್ಚಿಮ ಬಂಗಾಳ ಖೇತ್ ಮಜ್ದೂರ್ ಸಮಿತಿ ಪ್ರಕರಣ. 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರರೊಬ್ಬರನ್ನು ಕೋಲ್ಕತ್ತದ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗಳು ಹಾಸಿಗೆ ಅಥವಾ ಸೌಕರ್ಯ ಇಲ್ಲವೆಂದು ವಾಪಸು ಕಳುಹಿಸಿದ್ದವು. ಕೊನೆಗೆ ಅವರು ಖಾಸಗಿ ಆಸ್ಪತ್ರೆ ಸೇರಬೇಕಾಯಿತು. ಸಕಾಲದಲ್ಲಿ ಚಿಕಿತ್ಸೆ ನೀಡದಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸಾರಿದ ನ್ಯಾಯಾಲಯ, ಹಣಕಾಸಿನ ಕೊರತೆ ಅದಕ್ಕೆ ನೆಪವಾಗಲಾರದು ಎಂದಿತು.

ರಸ್ತೆ ಅಪಘಾತದಲ್ಲಿ ಮೊದಲು ನೆರವಿಗೆ ಬರುವವರು ದಾರಿಹೋಕರು. ಪೊಲೀಸು, ಕೋರ್ಟು ಎಂಬ ಅಂಜಿಕೆಯಿಂದ ಜನರು ಹಿಂಜರಿಯುತ್ತಿದ್ದುದನ್ನು ಗಮನಿಸಿ ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ನೆರವು ನೀಡುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಇದನ್ನೇ ಕಾನೂನಾಗಿಸಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು, ವಿಳಾಸ ನೀಡಲೇಬೇಕೆಂಬ ಕಡ್ಡಾಯವಿಲ್ಲ.

ಕರ್ನಾಟಕದಲ್ಲಿ 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹ ತುಂಡಾದ ಸ್ಥಿತಿಯಲ್ಲೂ ಅಂಗಾಂಗ ದಾನ ಮಾಡಿರೆಂದು ಕೇಳಿಕೊಂಡ ಹರೀಶ್ ಎಂಬ ಯುವಕನ ಹೆಸರಿನಲ್ಲಿ ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್’ ಯೋಜನೆ ಅದೇ ವರ್ಷ ಆರಂಭವಾಯಿತು. ಅಪಘಾತದ ಮೊದಲ 48 ಗಂಟೆಗಳಲ್ಲಿ 25,000 ರೂ.ವರೆಗಿನ ಚಿಕಿತ್ಸೆಯನ್ನು ಉಚಿತವಾಗಿ ನೀಡುವುದು ಅದರ ಉದ್ದೇಶವಾಗಿತ್ತು. 2025ರ ಮೇ ತಿಂಗಳಿನಿಂದ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸಾ ಯೋಜನೆಯು ರಸ್ತೆ ಅಪಘಾತದ ಪ್ರತಿ ಗಾಯಾಳುವಿಗೆ ಮೊದಲ ಏಳು ದಿನಗಳಲ್ಲಿ ಒಂದೂವರೆ ಲಕ್ಷ ರೂ.ವರೆಗೆ ಅವಕಾಶ ಕಲ್ಪಿಸಿದೆ.

ವಾರ್ಡಿನ ದಿನಗಳು

ದಾಖಲಾದ ಮೇಲೆ ರೋಗಿಯ ಕಾಲದ ಲೆಕ್ಕವೇ ಬದಲಾಗುತ್ತದೆ. ನಸುಕಿನಲ್ಲಿ ಎಬ್ಬಿಸಿ ಜ್ವರ, ರಕ್ತದೊತ್ತಡ ನೋಡುವುದರೊಂದಿಗೆ ದಿನ ಆರಂಭ. ನೆಲ ಒರೆಸುವ ಫಿನಾಯಿಲಿನ ವಾಸನೆ, ಹಾಲು-ಬ್ರೆಡ್ಡಿನ ಗಾಡಿ, ಬಳಿಕ ‘ದೊಡ್ಡ ಡಾಕ್ಟರ’ ಸುತ್ತು. ಬೋಧಕ ಆಸ್ಪತ್ರೆಯಾದರೆ ವಿದ್ಯಾರ್ಥಿಗಳ ಗುಂಪು ಮಂಚವನ್ನು ಸುತ್ತುವರಿದು ಇಂಗ್ಲಿಷಿನಲ್ಲಿ ಮಾತನಾಡುತ್ತದೆ. ತನ್ನ ದೇಹದ ಬಗ್ಗೆಯೇ ನಡೆಯುವ ಆ ಮಾತು ರೋಗಿಗೆ ತಿಳಿಯುವುದಿಲ್ಲ. ವೈದ್ಯರು ಹೋದ ಮೇಲೆ ‘ಏನಂದರು ಸಿಸ್ಟರ್?’ ಎಂದು ನರ್ಸ್‌ಗಳನ್ನು ಕೇಳುವುದು ಎಲ್ಲ ವಾರ್ಡುಗಳಲ್ಲೂ ಕೇಳಿಬರುವ ಪ್ರಶ್ನೆ. ಕಾಯಿಲೆಯ ಹೆಸರು, ಮುಂದಿನ ಚಿಕಿತ್ಸೆ, ತಗಲುವ ದಿನಗಳು - ಈ ಮೂರನ್ನು ತಿಳಿಯಾದ ಕನ್ನಡದಲ್ಲಿ ಹೇಳಿದರೆ ರೋಗಿಯ ಅರ್ಧ ಅಳಲು ಕಡಿಮೆಯಾಗುತ್ತದೆ.

ಸಾಮಾನ್ಯ ವಾರ್ಡಿನ ಕಷ್ಟಗಳು ಯಾರಿಗೂ ಹೊಸವಲ್ಲ. ಶೌಚಾಲಯದ ಸ್ವಚ್ಛತೆ, ರಾತ್ರಿಯ ದೀಪ, ಪಕ್ಕದ ಮಂಚದ ನರಳಾಟ, ಹೆಣ್ಣುಮಕ್ಕಳಿಗೆ ಮರೆಯಿಲ್ಲದಿರುವುದು, ತಳ್ಳುಗಾಡಿ ತಳ್ಳುವುದಕ್ಕೂ ಚಿಲ್ಲರೆ ಕೇಳುವ ಕೈಗಳು - ಇವು ಬಗೆಹರಿಯದ ದೂರುಗಳು. ಆದರೆ ವಾರ್ಡಿನಲ್ಲಿ ಇನ್ನೊಂದು ಲೋಕವೂ ಇದೆ. ಒಬ್ಬರ ಫ್ಲಾಸ್ಕಿನ ಬಿಸಿನೀರು ಇನ್ನೊಬ್ಬರ ಗಂಜಿಗೆ, ಒಬ್ಬರ ಕಡೆಯವರು ಊರಿಗೆ ಹೋದರೆ ಪಕ್ಕದವರೇ ರಾತ್ರಿ ಕಾವಲು. ಹೆಸರೂ ಕೇಳದೆ ‘ಹನ್ನೆರಡನೇ ಮಂಚದ ಅಜ್ಜಿ’ ಎಂದು ಪರಿಚಯವಾದವರು ಬಿಡುಗಡೆಯ ದಿನ ಕಣ್ಣೊರೆಸಿಕೊಳ್ಳುತ್ತಾರೆ. ಖಾಸಗಿ ಕೊಠಡಿಯಲ್ಲಿ ಸೌಕರ್ಯವಿದ್ದರೂ ಈ ನೆರೆಹೊರೆ ಇರುವುದಿಲ್ಲ ಎಂಬುದು ಎರಡನ್ನೂ ಕಂಡವರ ಮಾತು.

ಈ ನೆರೆಹೊರೆಯ ಬೆಲೆ ತಿಳಿದದ್ದು ಕೋವಿಡ್ ಕಾಲದಲ್ಲಿ. ಜೊತೆಗೆ ಯಾರನ್ನೂ ಬಿಡದ ವಾರ್ಡುಗಳಲ್ಲಿ ರೋಗಿಗಳು ಒಂಟಿಯಾಗಿ ಮಲಗಿದರು, ಒಂಟಿಯಾಗಿಯೇ ಕಣ್ಣುಮುಚ್ಚಿದರು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಗಂಟೆಗಳೊಳಗೆ 24 ರೋಗಿಗಳು ಮೃತಪಟ್ಟ ದುರಂತವನ್ನು ರಾಜ್ಯ ಮರೆಯಲಾರದು. ಹಾಸಿಗೆ ಸಿಕ್ಕಿತೆಂದರೆ ಗೆದ್ದಂತೆ ಎಂದು ಭಾವಿಸಿದ್ದ ಕುಟುಂಬಗಳಿಗೆ ಹಾಸಿಗೆಯೊಂದೇ ಆಸ್ಪತ್ರೆಯಲ್ಲ ಎಂಬುದನ್ನು ಆ ರಾತ್ರಿ ತಿಳಿಸಿತು.

ಜೊತೆಗಿರುವವರು

ನಮ್ಮ ಆಸ್ಪತ್ರೆಗಳಲ್ಲಿ ಪ್ರತಿ ಒಳರೋಗಿಯ ಹಿಂದೆ ಮತ್ತೊಬ್ಬರ ವಾಸವೂ ನಡೆದಿರುತ್ತದೆ. ಔಷಧ ತರುವುದು, ರಕ್ತದ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ಯುವುದು, ಊಟ ಮಾಡಿಸುವುದು, ಬಟ್ಟೆ ಬದಲಿಸುವುದು, ಗ್ಲೂಕೋಸ್ ಬಾಟಲಿ ಮುಗಿಯುವುದನ್ನು ನೋಡಿ ಕೂಗುವುದು ಎಲ್ಲವೂ ಅವರ ಕೆಲಸ. ಸಿಬ್ಬಂದಿಯ ಕೊರತೆಯನ್ನು ತುಂಬುತ್ತಿರುವ ಈ ಸಂಬಳವಿಲ್ಲದ ದುಡಿಮೆಯನ್ನು ಯಾವ ಲೆಕ್ಕವೂ ಗುರುತಿಸುವುದಿಲ್ಲ. ಹೆಚ್ಚಿನ ವೇಳೆ ಇವರು ಮನೆಯ ಹೆಂಗಸರು.

ಇವರು ಮಲಗುವುದೆಲ್ಲಿ, ಉಣ್ಣುವುದೆಲ್ಲಿ, ಸ್ನಾನ ಮಾಡುವುದೆಲ್ಲಿ ಎಂಬುದನ್ನು ಕಟ್ಟಡ ಕಟ್ಟಿದವರು ಯೋಚಿಸಿದ್ದು ಕಡಿಮೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಂತಹ ಕಡೆಗಳಲ್ಲಿ ಧರ್ಮಶಾಲೆಗಳಿವೆ. ವಾರಗಟ್ಟಲೆ ವಿಕಿರಣ ಚಿಕಿತ್ಸೆ ಪಡೆಯಬೇಕಾದ ದೂರದೂರಿನ ಬಡವರಿಗೆ ಅವು ಚಿಕಿತ್ಸೆಯಷ್ಟೇ ಮುಖ್ಯ. ಮನೋರೋಗ ಚಿಕಿತ್ಸೆಯಲ್ಲಿ ಹೆಸರಾದ ನಿಮ್ಹಾನ್ಸ್, ಕುಟುಂಬದವರನ್ನೂ ಜೊತೆಗಿರಿಸಿಕೊಂಡು ಚಿಕಿತ್ಸೆ ನೀಡುವ ಪದ್ಧತಿಯನ್ನು ಬಹಳ ಹಿಂದಿನಿಂದ ಬೆಳೆಸಿಕೊಂಡು ಬಂದಿದೆ. ಅಲ್ಲಿ ಜೊತೆಗಿರುವವರು ಅಡ್ಡಿಯಲ್ಲ, ಚಿಕಿತ್ಸೆಯ ಭಾಗ. ಹಲವು ಊರುಗಳಲ್ಲಿ ಸೇವಾಸಂಸ್ಥೆಗಳು, ಮಠಮಂದಿರಗಳು, ಮಸೀದಿ-ಚರ್ಚುಗಳ ಬಳಗಗಳು ಆಸ್ಪತ್ರೆಯ ಬಾಗಿಲಲ್ಲಿ ಊಟ ಹಂಚುತ್ತವೆ.

ಹಣದ ಮಾತು

2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ, ಹೆರಿಗೆಯನ್ನು ಹೊರತುಪಡಿಸಿ ಒಮ್ಮೆ ಆಸ್ಪತ್ರೆಗೆ ದಾಖಲಾದರೆ ದೇಶದಲ್ಲಿ ತಗಲುತ್ತಿದ್ದ ಸರಾಸರಿ ವೈದ್ಯಕೀಯ ವೆಚ್ಚ ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂ., ಖಾಸಗಿ ಆಸ್ಪತ್ರೆಯಲ್ಲಿ 31,845 ರೂ. ಈ ಅಂತರವೇ ಎಷ್ಟೋ ಕುಟುಂಬಗಳ ದಾರಿಯನ್ನು ನಿರ್ಧರಿಸುತ್ತದೆ. ಇದಲ್ಲದೆ ಬಾಡಿಗೆ, ಊಟ, ತಪ್ಪಿದ ಕೂಲಿ ಬೇರೆ. ಒಡವೆ ಅಡವಿಟ್ಟವರು, ಎತ್ತು ಮಾರಿದವರು ಪ್ರತಿ ಊರಿನಲ್ಲೂ ಇದ್ದಾರೆ.

ಈ ಹೊರೆಯನ್ನು ಹಂಚಿಕೊಳ್ಳುವಲ್ಲಿ ಕರ್ನಾಟಕವು ಮುಂಚೂಣಿಯ ರಾಜ್ಯಗಳಲ್ಲಿ ಒಂದು. ಡಾ. ದೇವಿ ಶೆಟ್ಟಿ ಅವರ ಚಿಂತನೆಯಿಂದ ರೂಪುಗೊಂಡ ‘ಯಶಸ್ವಿನಿ’ ಯೋಜನೆ 2003ರ ಜೂನ್‌ನಲ್ಲಿ ಸಹಕಾರ ಸಂಘಗಳ ಸದಸ್ಯ ರೈತರಿಗಾಗಿ ಜಾರಿಗೆ ಬಂದಾಗ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂ. ವಂತಿಗೆ ಇತ್ತು. 2018ರಲ್ಲಿ ನಿಂತುಹೋದ ಅದು 2022-23ರಲ್ಲಿ ಮರುಜೀವ ಪಡೆಯಿತು. ಬಡತನ ರೇಖೆಗಿಂತ ಕೆಳಗಿನವರಿಗಾಗಿ 2010ರಲ್ಲಿ ಆಗಿನ ಗುಲ್ಬರ್ಗ ವಿಭಾಗದಲ್ಲಿ ಮೊದಲು ಆರಂಭವಾದ ‘ವಾಜಪೇಯಿ ಆರೋಗ್ಯಶ್ರೀ’ ಯೋಜನೆಯ ಪರಿಣಾಮವನ್ನು ಅಳೆದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಆದ ಮರಣ ಪ್ರಮಾಣ ಸೌಲಭ್ಯವಿಲ್ಲದ ಬಡ ಕುಟುಂಬಗಳಿಗಿಂತ ಸೌಲಭ್ಯವಿದ್ದ ಕುಟುಂಬಗಳಲ್ಲಿ ಶೇ. 64ರಷ್ಟು ಕಡಿಮೆಯಿತ್ತೆಂದು ಅದು ತಿಳಿಸಿತು. ಹಣದ ಭಯ ತಗ್ಗಿದರೆ ಮೊದಲ ವಿಳಂಬವೂ ತಗ್ಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

2018ರಲ್ಲಿ ಈ ಬಗೆಯ ಯೋಜನೆಗಳೆಲ್ಲ ಒಂದುಗೂಡಿ ‘ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ’ವಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂ.ವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ರೂ. ಮಿತಿಯಲ್ಲಿ ದೊರೆಯುವಂತೆ ಅದನ್ನು ರೂಪಿಸಲಾಯಿತು. ಸಾಮಾನ್ಯ ಸಂದರ್ಭದಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕೆಂಬುದು ನಿಯಮ. ಗೊತ್ತುಪಡಿಸಿದ ತುರ್ತು ಪ್ರಕರಣಗಳಿಗೆ ಈ ಪತ್ರ ಬೇಕಿಲ್ಲ. ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ, ಅನಂತರ ಕಾರ್ಡು ತೋರಿಸಿ ನಿರಾಶರಾದವರ ಸಂಖ್ಯೆ ದೊಡ್ಡದಿರುವುದಕ್ಕೆ ಈ ನಿಯಮದ ಅರಿವಿಲ್ಲದಿರುವುದೇ ಕಾರಣ.

ರೋಗಿಯ ಹಕ್ಕುಗಳು

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ, ವೈದ್ಯರ ಮುಷ್ಕರದ ನಡುವೆ ಬಹಳ ಚರ್ಚೆಗೊಳಗಾಯಿತು. ಅಂತಿಮವಾಗಿ ಒಪ್ಪಿಗೆ ಪಡೆದ ಅಂಶಗಳಲ್ಲಿ ಎರಡು ಜನಸಾಮಾನ್ಯರಿಗೆ ಅತಿ ಮುಖ್ಯ. ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ. ರೋಗಿ ಮೃತಪಟ್ಟರೆ ಬಾಕಿ ಹಣಕ್ಕಾಗಿ ಶವವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ದೂರುಗಳಿದ್ದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಸಲ್ಲಿಸಬಹುದು.

ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ರೋಗಿಯು ತನ್ನ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ನೀಡಬೇಕು. ಶಸ್ತ್ರಚಿಕಿತ್ಸೆಗೆ ಮೊದಲು ಪಡೆಯುವ ಸಹಿ ಬರಿಯ ವಿಧಿಯಲ್ಲ. ಏನು ಮಾಡಲಾಗುತ್ತದೆ, ಅಪಾಯವೇನು, ಬೇರೆ ದಾರಿ ಇದೆಯೇ ಎಂಬುದನ್ನು ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇನ್ನು ಚೇತರಿಕೆಯ ಆಸೆಯೇ ಇಲ್ಲದೆ ತೀವ್ರ ನಿಗಾ ಘಟಕದಲ್ಲಿ ಯಂತ್ರಗಳ ಆಸರೆಯಲ್ಲಿರುವವರ ವಿಷಯ. ಸುಪ್ರೀಂ ಕೋರ್ಟ್‌ನ 2018 ಮತ್ತು 2023ರ ಆದೇಶಗಳಿಗೆ ಅನುಗುಣವಾಗಿ ಘನತೆಯಿಂದ ಸಾಯುವ ಹಕ್ಕನ್ನು ಜಾರಿಗೊಳಿಸಲು ಕರ್ನಾಟಕವು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ಹೊರಡುವ ಮುನ್ನ, ಮರಳುವ ಮುನ್ನ

ಅನುಭವಸ್ಥರು ಹೇಳುವ ಕೆಲವು ಮಾತುಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪಡಿತರ ಚೀಟಿ, ಆಧಾರ್, ಹಳೆಯ ಚಿಕಿತ್ಸೆಯ ಕಾಗದಗಳು, ಸೇವಿಸುತ್ತಿರುವ ಮಾತ್ರೆಗಳು ಮನೆಯಲ್ಲಿ ಒಂದೇ ಚೀಲದಲ್ಲಿರಲಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ವೈದ್ಯರಿರುತ್ತಾರೆ, ಎಲ್ಲಿ ಪ್ರತಿವಿಷ ದೊರೆಯುತ್ತದೆ ಎಂಬುದನ್ನು ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರವನ್ನೋ ಕೇಳಿ ಮೊದಲೇ ತಿಳಿದಿರಬೇಕು. ಬೇರೆ ಆಸ್ಪತ್ರೆಗೆ ಕಳುಹಿಸುವಾಗ ಏನು ಚಿಕಿತ್ಸೆ ಕೊಡಲಾಗಿದೆ ಎಂಬ ಪತ್ರವನ್ನು ಕೇಳಿ ಪಡೆಯಬೇಕು. ಅಲ್ಲಿ ಹಾಸಿಗೆ ಇದೆಯೇ ಎಂದು ಕರೆ ಮಾಡಿ ವಿಚಾರಿಸುವಂತೆ ವಿನಂತಿಸಬೇಕು. ಹಣವಿಲ್ಲವೆಂದು ಅರ್ಧಕ್ಕೇ ಬಿಡಿಸಿಕೊಂಡು ಹೊರಡುವ ಮೊದಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಾಣಬೇಕು. ಬಿಡುಗಡೆಯ ಚೀಟಿಯಲ್ಲಿ ಯಾವ ಮಾತ್ರೆ ಎಷ್ಟು ದಿನ, ಮತ್ತೆ ಯಾವಾಗ ಬರಬೇಕು, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಎಂಬುದನ್ನು ಓದಿಸಿ ಕೇಳಿಕೊಳ್ಳದೆ ಹೊರಡಬಾರದು.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದಾಗ ಆಸ್ಪತ್ರೆಗೆ ಸೇರುವುದೆಂದರೆ ಜನರಿಗೆ ಅಂಜಿಕೆ. ಒಂದು ಶತಮಾನ ಕಳೆದ ಮೇಲೆ ಆ ಅಂಜಿಕೆ ರೂಪ ಬದಲಿಸಿದೆ. ಈಗಿನ ಭಯ ಆಸ್ಪತ್ರೆಯದಲ್ಲ. ಸಕಾಲಕ್ಕೆ ಅಲ್ಲಿಗೆ ತಲುಪುತ್ತೇವೆಯೋ ಇಲ್ಲವೋ, ತಲುಪಿದರೆ ಒಳಗೆ ಬಿಡುತ್ತಾರೆಯೋ ಇಲ್ಲವೋ, ಬಿಟ್ಟರೆ ಖರ್ಚಿಗೆ ಏನು ಮಾಡುವುದು ಎಂಬುದರ ಭಯ. ಹೊಸ ಕಟ್ಟಡಗಳು, ಹೊಸ ಯಂತ್ರಗಳು ಬರುತ್ತಲೇ ಇವೆ. ಕಾಡಂಚಿನ ಊರಿನ ಹೆಣ್ಣುಮಗಳಿಗೆ ಹೆರಿಗೆ ನೋವು ಕಾಣಿಸಿಕೊಂಡ ರಾತ್ರಿ ಜೋಲಿ ಕಟ್ಟಬೇಕಾದ ಅಗತ್ಯ ಬೀಳದ ದಿನವೇ ಅವೆಲ್ಲವೂ ಸಾರ್ಥಕವಾದಾವು.